‘ವಾಟ್’ ಅನ್ನೋದಕ್ಕೆ ಕೊರಿಯನ್‌ನಲ್ಲಿ ಏನು? ಮೊದಲು ಕನ್ನಡದಲ್ಲಿ ಕೇಳಿ ನೋಡಿ

ಪ್ರಶ್ನೆ: ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದೇನೆ. ಕೊರಿಯಾದಿಂದ, ಜಾಸ್ತಿ ಉಲ್ಸಾನ್ ಕಡೆಯಿಂದ, ಎಂಜಿನಿಯರ್‌ಗಳು ಬಂದು ಹೋಗುತ್ತಿರುತ್ತಾರೆ. ಹಾಗಾಗಿ ಆ್ಯಪ್ ಇಟ್ಟುಕೊಂಡು ಕೊರಿಯನ್ ಕಲಿಯುತ್ತಿದ್ದೇನೆ. ‘ವಾಟ್’ ಅಂದರೆ ‘ಮ್ವೊ’ ಅಂತ ಕಲಿತೆ. ಹಿರಿಯ ಎಂಜಿನಿಯರ್ ಒಬ್ಬರಿಗೆ ‘ಇರುಮಿ ಮ್ವೊಯೇಯೊ?’ ಅಂತ ಹೆಸರು ಕೇಳಿದರೆ, ಪಕ್ಕದವರು ಹಾಗೆ ಕೇಳಬಾರದು ಅಂದರು. ಡ್ರಾಮಾಗಳಲ್ಲಿ ಮುಸುನ್, ಒತ್ತೊನ್, ಮ್ಯೊತ್ ಅಂತ ಏನೇನೋ ಬರುತ್ತೆ. ಸಬ್‌ಟೈಟಲ್‌ನಲ್ಲಿ ಮಾತ್ರ ಎಲ್ಲಕ್ಕೂ ‘ವಾಟ್’. ಯಾವಾಗ ಯಾವುದು? ‘ವಾಟ್ ಟೈಮ್ ಈಸ್ ದ ಮೀಟಿಂಗ್’, ‘ವಾಟ್ ಡು ಯು ಥಿಂಕ್’, ‘ವಾಟ್ ಐ ಸೆಂಟ್ ಯು ಯೆಸ್ಟರ್‌ಡೇ’, ಈ ಮೂರನ್ನು ಹೇಗೆ ಹೇಳಬೇಕು ಅಂತಲೂ ತಿಳಿಸಿ.

ಉತ್ತರ: ‘ವಾಟ್’ಗೆ ಕೊರಿಯನ್‌ನಲ್ಲಿ ಒಂದೇ ಪದ ಇಲ್ಲ. ನೀವು ಇಂಗ್ಲಿಷಿನಿಂದ ಹೊರಟಿರುವುದರಿಂದ ಇದು ಗೋಜಲಾಗಿ ಕಾಣುತ್ತಿದೆ, ಅಷ್ಟೇ. ಅದೇ ಪ್ರಶ್ನೆಯನ್ನು ಮೊದಲು ಮನೆಯಲ್ಲಿ ಮಾತಾಡುವ ಕನ್ನಡಕ್ಕೆ ತನ್ನಿ. ಅಲ್ಲಿ ‘ವಾಟ್’ ತಾನಾಗಿಯೇ ಏನು, ಯಾವ, ಎಂಥ, ಎಷ್ಟು, ಹೇಗೆ ಅಂತ ಒಡೆದುಕೊಳ್ಳುತ್ತೆ. ಕೊರಿಯನ್ ಕೂಡ ಸುಮಾರು ಅದೇ ಗೆರೆಗಳ ಮೇಲೆ ಒಡೆಯುತ್ತೆ. ಎಲ್ಲ ಕಡೆ ಅಲ್ಲ. ಎಲ್ಲಿ ಕೂಡುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಉಚ್ಚಾರಣೆಯ ಮಾತು ಮುಗಿಸಿಬಿಡೋಣ. ಇಲ್ಲಿ ‘ಒತ್ತೊನ್’, ‘ಮ್ಯೊತ್’ ಅಂತ ಬರೆದ ಕಡೆ ಆ ಸ್ವರ ನಮ್ಮ ‘ಒ’ ಅಲ್ಲ. ಬಾಯಿ ಇನ್ನಷ್ಟು ತೆರೆದು, ತುಟಿ ಗುಂಡಗೆ ಮಾಡದೆ ಹೇಳಬೇಕು. ‘ಮುಸುನ್’ನ ಎರಡನೇ ‘ಉ’ಗೂ ತುಟಿ ಮುಂದೆ ಬರಬಾರದು. ಕನ್ನಡ ಅಕ್ಷರದಲ್ಲಿ ಇದಕ್ಕಿಂತ ಹತ್ತಿರ ಹೋಗೋಕೆ ಆಗಲ್ಲ. ಕೊರಿಯನ್ನರ ಹಂಗುಲ್ ಲಿಪಿಯನ್ನು ಬೇಗ ಕಲಿತುಬಿಡಿ.

ಈಗ ‘ಮ್ವೊ’ ತೆಗೆದುಕೊಳ್ಳಿ. ಇದು ನಮ್ಮ ‘ಏನು’. ಪದದ ಪೂರ್ತಿ ರೂಪ ‘ಮುಒತ್’. ಮಾತಿನಲ್ಲಿ ಸವೆದು ‘ಮ್ವೊ’ ಆಗಿದೆ. ಅವಸರದಲ್ಲಿ ಇನ್ನೂ ಸವೆದು ‘ಮೊ’ ಅಂತಲೇ ಕೇಳಿಸುತ್ತೆ. ಪೂರ್ತಿ ರೂಪ ಬರವಣಿಗೆಯಲ್ಲಿ, ಭಾಷಣದಲ್ಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುತ್ತೆ. ಕೊರಿಯನ್ ಎಷ್ಟು ಬರುತ್ತೆ ಅಂತ ಅಳೆಯುವ ಟೋಪಿಕ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ, ಮೊದಲ ಹಂತದ ಪತ್ರಿಕೆಯಲ್ಲೇ ‘ಇವರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ’ ಅನ್ನುವ ಥರದ ಪ್ರಶ್ನೆಗಳಲ್ಲಿ ‘ಮುಒತ್’ ಎದುರಾಗುತ್ತೆ. ಬಾಯಲ್ಲಿ ಮಾತ್ರ ‘ಮ್ವೊ’ ಸಾಕು.

‘ಮ್ವೊ’ ವಾಕ್ಯದಲ್ಲಿ ಎಲ್ಲಿ ಕೂರುತ್ತೆ ಅನ್ನೋದಕ್ಕೆ ನೀವು ತಲೆ ಕೆಡಿಸಿಕೊಳ್ಳುವುದೇ ಬೇಡ. ಇಂಗ್ಲಿಷಿನಲ್ಲಿ ‘ವಾಟ್’ ಓಡಿಬಂದು ಮುಂದೆ ನಿಲ್ಲುತ್ತೆ. ಕನ್ನಡದ ‘ಏನು’ ಹಾಗೆ ಮಾಡಲ್ಲ, ಉತ್ತರ ಬರಬೇಕಾದ ಜಾಗದಲ್ಲೇ ಇರುತ್ತೆ: ‘ನೀವು ಏನು ತಿಂತೀರಿ?’, ‘ನಾನು ದೋಸೆ ತಿಂತೀನಿ’. ಕೊರಿಯನ್‌ನಲ್ಲೂ ಹಾಗೇ. ‘ದೋಸೆ’ಯ ಜಾಗದಲ್ಲಿ ‘ಮ್ವೊ’ ಇಟ್ಟರೆ ಮುಗಿಯಿತು.

ಇನ್ನೊಂದು ಲಾಭ ನೋಡಿ. ‘ವಾಟ್ ಈಸ್ ದಿಸ್ ಕಾಲ್ಡ್ ಇನ್ ಕೊರಿಯನ್’ ಅಂತ ಅಂಗಡಿಯಲ್ಲಿ ಕೇಳಬೇಕು. ಕನ್ನಡದಲ್ಲಿ: ‘ಇದಕ್ಕೆ ಕೊರಿಯನ್‌ನಲ್ಲಿ ಏನಂತ ಅಂತಾರೆ?’ ಕೊರಿಯನ್‌ನಲ್ಲಿ: ‘ಇಗೊ ಹಾನ್‌ಗುಗೊರೊ ಮ್ವೊರಾಗೊ ಹೆಯೊ?’ ಇಲ್ಲಿ ‘ಮ್ವೊ’ ಅಂದರೆ ಏನು, ‘ರಾಗೊ’ ಅಂದರೆ ನಮ್ಮ ‘ಅಂತ’. ಕೊಂಡಿಗೆ ಕೊಂಡಿ ಕೂಡಿತು. ಡ್ರಾಮಾದಲ್ಲಿ ನಾಯಕ ಕಣ್ಣು ಕೆಂಪಗೆ ಮಾಡಿಕೊಂಡು ‘ಮ್ವೊರಾಗೊ?’ ಅಂತ ಕೂಗುತ್ತಾನಲ್ಲ, ಅದು ‘ಏನಂದೆ?’ ಅನ್ನುವ ಜಗಳದ ಮಾತು. ಅದಕ್ಕೇ ಆಫೀಸಿನಲ್ಲಿ ಮಾತು ಕೇಳಿಸದೆ ಇದ್ದಾಗ ‘ಮ್ವೊ?’ ಅನ್ನಬೇಡಿ. ಹಿರಿಯರಿಗೆ ಅದು ತೀರಾ ಒರಟಾಗುತ್ತೆ. ‘ನೆ?’ ಅಂತ ದನಿ ಏರಿಸಿ, ಸಾಕು. ‘ನೆ’ ಅಂದರೆ ಹೌದು ಅಂತ ನೀವು ಕಲಿತಿರುತ್ತೀರಿ. ದನಿ ಏರಿದರೆ ಅದೇ ನಮ್ಮ ‘ಹಾಂ?’ ಆಗುತ್ತೆ.

ಇನ್ನು ‘ಮುಸುನ್’. ಪ್ರಶ್ನೆ ಕೇಳುವಾಗ ಇದು ಒಂಟಿಯಾಗಿ ನಿಲ್ಲಲ್ಲ, ಇದಾದ ಮೇಲೆ ಒಂದು ನಾಮಪದ ಬೇಕೇ ಬೇಕು. ‘ಏನು ವಿಷಯ?’, ‘ಏನು ತಿಂಡಿ ಇವತ್ತು?’, ‘ಇವತ್ತು ಏನು ವಾರ?’ ಅಂತ ಕನ್ನಡದಲ್ಲಿ ‘ಏನು’ ಒಂದು ನಾಮಪದಕ್ಕೆ ಅಂಟಿಕೊಂಡು ಬಂದರೆ ಕೊರಿಯನ್‌ನಲ್ಲಿ ಬಹುಪಾಲು ‘ಮುಸುನ್’. ಏನು ವಾರ ಅಂದರೆ ‘ಮುಸುನ್ ಯೊಇಲ್’, ಏನು ಬಣ್ಣ ಅಂದರೆ ‘ಮುಸುನ್ ಸೆಕ್’, ಏನರ್ಥ ಅಂದರೆ ‘ಮುಸುನ್ ತುತ್’. ‘ಏನು ವಿಷಯ’ ಅನ್ನೋದು ‘ಮುಸುನ್ ಇಲ್’. ಆದರೆ ನೀವು ಕಿವಿಗೊಟ್ಟು ಕೇಳಿದರೆ ಅದು ‘ಮುಸುನ್ನಿಲ್’ ಅಂತ ಕೇಳಿಸುತ್ತೆ. ನಡುವೆ ಬರವಣಿಗೆಯಲ್ಲಿಲ್ಲದ ಒಂದು ‘ನ್’ ನುಸುಳುತ್ತೆ. ಫೋನ್ ಎತ್ತಿ ಗಾಬರಿಯಿಂದ ‘ಮುಸುನ್ನಿರಿಯಾ?’ ಅಂತಾರಲ್ಲ, ಅದು ಇದೇ: ಮುಸುನ್, ಇಲ್, ಇಯಾ. ಎಷ್ಟೋ ಜನ ಇದನ್ನು ಒಂದೇ ದೊಡ್ಡ ಪದ ಅಂದುಕೊಂಡು ನಿಘಂಟಿನಲ್ಲಿ ಹುಡುಕಿ ಸೋಲುತ್ತಾರೆ.

‘ಮುಸುನ್’ಗೆ ಬೈಗುಳದ ಬಳಕೆಯೂ ಇದೆ. ‘ಮುಸುನ್ ಸೊರಿಯಾ!’ ಅಂದರೆ ಅಕ್ಷರಶಃ ‘ಏನು ಸದ್ದು ಇದು’. ಆಡುವ ಅರ್ಥ ‘ಏನು ಮಾತು ಅಂತ ಆಡ್ತೀಯಾ!’ ‘ಚಿಂಗುನುನ್ ಮುಸುನ್!’ ಅಂದರೆ ‘ಏನು ಫ್ರೆಂಡು, ಬಿಡು!’ ನಮ್ಮ ಜನ ಮೂಗು ಮುರಿಯುವಾಗ ‘ಏನು’ ಬಳಸುವ ಹಾಗೇ ಅವರೂ ಬಳಸುತ್ತಾರೆ. ನಾನು ಕಲಿಸುವಾಗ ಇದನ್ನು ಮೊದಲ ವಾರವೇ ಹೇಳಿಬಿಡುತ್ತೇನೆ. ಬಳಸಲಿ ಅಂತಲ್ಲ, ಕೇಳಿದಾಗ ಪ್ರಶ್ನೆ ಅಂದುಕೊಂಡು ಉತ್ತರ ಕೊಡೋಕೆ ಹೋಗಬಾರದು ಅಂತ.

‘ಒತ್ತೊನ್’ ಅನ್ನೋದು ‘ಎಂಥ’. ‘ಒತ್ತೊನ್ ಸಾರಾಮಿಎಯೊ?’ ಅಂದರೆ ಎಂಥ ಮನುಷ್ಯ, ಸ್ವಭಾವ ಹೇಗೆ. (ಮಂಗಳೂರು, ಕುಂದಾಪುರದ ಕಡೆಯವರು ಇಲ್ಲಿ ಸ್ವಲ್ಪ ಹುಷಾರು. ನಿಮ್ಮ ‘ಎಂತ ಮಾರಾಯ್ರೆ’ಯ ‘ಎಂತ’ ಇದಲ್ಲ, ಅದು ‘ಮ್ವೊ’.) ‘ಒನು’ ಅನ್ನೋದು ಎದುರಿಗೆ ಇಷ್ಟೇ ಆಯ್ಕೆ ಅಂತ ಇದ್ದಾಗ ಕೇಳುವ ‘ಯಾವ’: ಯಾವ ಕಡೆ, ಯಾವ ದೇಶ. ಜಗತ್ತಿನ ದೇಶಗಳ ಪಟ್ಟಿಗೆ ಒಂದು ಕೊನೆ ಇದೆಯಲ್ಲ, ಅದಕ್ಕೇ ‘ಒನು ನಾರಾ’. ಕನ್ನಡದ ತೊಂದರೆ ಏನಂದರೆ ನಾವು ಈ ಮೂರಕ್ಕೂ ‘ಯಾವ’ ಅಂತಲೇ ಸಾಗಹಾಕುತ್ತೇವೆ: ಯಾವ ವಾರ, ಯಾವ ಥರದ ಮನುಷ್ಯ, ಯಾವ ದೇಶ. ಹಾಗಾಗಿ ‘ಯಾವ’ ನಾಲಿಗೆಗೆ ಬಂದಾಗ ಒಂದು ಕ್ಷಣ ನಿಲ್ಲಿ. ಅದನ್ನು ‘ಎಂಥ’ ಅಂತ ಬದಲಿಸಬಹುದಾ? ‘ಒತ್ತೊನ್’. ಬೆರಳು ತೋರಿಸಿ ‘ಇವುಗಳಲ್ಲಿ ಯಾವ’ ಅನ್ನಬಹುದಾ? ‘ಒನು’. ಎರಡೂ ಅಲ್ಲದಿದ್ದರೆ ‘ಮುಸುನ್’. ಕೊರಿಯನ್ನರೇ ‘ಒತ್ತೊನ್’, ‘ಒನು’ ಎರಡನ್ನೂ ಅದಲುಬದಲು ಮಾಡುತ್ತಿರುತ್ತಾರೆ, ತೀರಾ ಭಯಪಡಬೇಡಿ.

ನಿಮ್ಮ ಮೊದಲ ವಾಕ್ಯ, ‘ವಾಟ್ ಟೈಮ್ ಈಸ್ ದ ಮೀಟಿಂಗ್’. ಇದನ್ನು ಕನ್ನಡದಲ್ಲಿ ‘ಏನು ಗಂಟೆ’ ಅಂತ ಯಾರಾದರೂ ಕೇಳುತ್ತಾರಾ? ‘ಮೀಟಿಂಗ್ ಎಷ್ಟು ಗಂಟೆಗೆ?’ ಕೊರಿಯನ್‌ನಲ್ಲೂ ‘ಎಷ್ಟು’: ‘ಹ್ವೆಇಗಾ ಮ್ಯೊತ್ ಶಿಯೇಯೊ?’ ‘ಹ್ವೆಇ’ ಮೀಟಿಂಗು, ‘ಮ್ಯೊತ್’ ಎಷ್ಟು, ‘ಶಿ’ ಗಂಟೆ. ಉತ್ತರದಲ್ಲಿ ಒಂದು ಅಂಕಿ ಬರಬೇಕಾದ ಕಡೆಯೆಲ್ಲ ‘ಮ್ಯೊತ್’ ಬರುತ್ತೆ. ಎಷ್ಟನೇ ಕ್ಲಾಸು, ಎಷ್ಟನೇ ಮಹಡಿ, ಎಷ್ಟು ಜನ, ಮಗುವಿಗೆ ಎಷ್ಟು ವರ್ಷ, ಫೋನ್ ನಂಬರ್ ಎಷ್ಟು, ಎಲ್ಲಕ್ಕೂ. ಇಂಗ್ಲಿಷ್ ಇವುಗಳಲ್ಲಿ ಅರ್ಧಕ್ಕೆ ‘ವಾಟ್’, ‘ವಿಚ್’ ಅನ್ನುತ್ತೆ. ಕನ್ನಡದವರಿಗೆ ಇದು ಪುಕ್ಕಟೆ ಸಿಕ್ಕ ಅಂಕ.

ಆದರೆ ನಮ್ಮ ‘ಎಷ್ಟು’ ಅವರಲ್ಲಿ ಇಡಿಯಾಗಿ ಉಳಿಯಲ್ಲ. ಎಣಿಸುವುದಕ್ಕೆ ‘ಮ್ಯೊತ್’. ಬೆಲೆಗೆ ‘ಒಲ್ಮಾ’: ಅಂಗಡಿಯಲ್ಲಿ ‘ಒಲ್ಮಾಯೇಯೊ?’ ಅಂದರೆ ‘ಎಷ್ಟು?’ ಎಷ್ಟು ಹೊತ್ತು, ಎಷ್ಟು ದೂರ, ಎಷ್ಟರ ಮಟ್ಟಿಗೆ ಅನ್ನೋದಕ್ಕೆ ‘ಒಲ್ಮಾನಾ’.

ತಾರೀಖು ಕೇಳುವ ಪದದ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದರೆ ಅದು ನನಗೆ ಇಷ್ಟದ ವಿಷಯ. ‘ಎಷ್ಟನೇ ತಾರೀಖು’ ಅನ್ನೋದಕ್ಕೆ ‘ಮ್ಯೊಚಿಲ್’. ಇದನ್ನು ‘ಮ್ಯೊತ್’ ಮತ್ತು ದಿನ ಅನ್ನುವ ‘ಇಲ್’ ಸೇರಿ ಆಗಿದ್ದು ಅಂದುಕೊಂಡು ಕೊರಿಯನ್ನರೇ ಎಷ್ಟೋ ಮಂದಿ ಎರಡು ಪದವಾಗಿ ಒಡೆದು ಬರೆಯುತ್ತಾರೆ. 1988ರ ಕಾಗುಣಿತ ನಿಯಮದ ಪ್ರಕಾರ ಅದು ತಪ್ಪು. ಸಾಕ್ಷಿ ಉಚ್ಚಾರಣೆಯಲ್ಲೇ ಇದೆ. ‘ಯಾವ ತಿಂಗಳು’ ಅನ್ನುವ ‘ಮ್ಯೊತ್ ವೊಲ್’ ಬಾಯಲ್ಲಿ ‘ಮ್ಯೊದ್ವೊಲ್’ ಆಗುತ್ತೆ. ಅಂದರೆ ಎರಡು ಪದ ಸೇರುವ ಕಡೆ ಆ ಕೊನೆಯ ವ್ಯಂಜನ ‘ದ’ ಆಗಿ ಮೆತ್ತಗಾಗುತ್ತೆ. ತಾರೀಖಿನ ಪದ ನಿಜವಾಗಿ ಹಾಗೆ ಸೇರಿದ್ದಾಗಿದ್ದರೆ ‘ಮ್ಯೊದಿಲ್’ ಅಂತ ಏನೋ ಕೇಳಿಸಬೇಕಿತ್ತು. ಯಾರೂ ಹಾಗನ್ನಲ್ಲ, ಎಲ್ಲರ ಬಾಯಲ್ಲೂ ‘ಚ’ ಇದೆ. ಅದಕ್ಕೆ ಮೂಲ ಸ್ಪಷ್ಟವಿಲ್ಲದ ಒಂದೇ ಪದ ಅಂತ ಎಣಿಸಿ, ಕೇಳಿಸಿದ ಹಾಗೇ ಬರೆಯಬೇಕು ಅಂತ ನಿಯಮ. ನೀವು ಮೇಲ್ ಬರೆಯುವಾಗ ಇದನ್ನು ಸರಿಯಾಗಿ ಬರೆದರೆ ಅಲ್ಲಿನವರು ಖಂಡಿತ ಗಮನಿಸುತ್ತಾರೆ.

ಈಗ ಹಿರಿಯರ ಹೆಸರು ಕೇಳಿದ ವಿಷಯ. ‘ಇರುಮಿ ಮ್ವೊಯೇಯೊ?’ ವ್ಯಾಕರಣದಲ್ಲಿ ತಪ್ಪಿಲ್ಲ. ಓರಗೆಯವರಿಗೆ, ಕ್ಲಾಸಿನಲ್ಲಿ ಪಕ್ಕ ಕೂತವರಿಗೆ ಚೆನ್ನಾಗಿಯೇ ಇದೆ. ಹಿರಿಯರಿಗೆ, ಗ್ರಾಹಕರಿಗೆ, ಮೊದಲ ಸಲ ಸಿಕ್ಕ ಅಧಿಕಾರಿಗೆ ಮಾತ್ರ ಎರಡು ಬದಲಾವಣೆ ಬೇಕು. ಹೆಸರು ಅನ್ನುವ ‘ಇರುಮ್’ ಹೋಗಿ ಗೌರವದ ‘ಸೊಂಗ್ಹಾಮ್’ ಬರಬೇಕು. ‘ಏನು’ ಹೋಗಿ ‘ಹೇಗೆ’ ಬರಬೇಕು: ‘ಸೊಂಗ್ಹಾಮಿ ಒತ್ತೊಖೆ ದ್ವೆಸೆಯೊ?’ ಇದನ್ನು ಅಕ್ಷರಶಃ ಮಾಡಿದರೆ ‘ತಮ್ಮ ಹೆಸರು ಹೇಗೆ ಆಗುತ್ತೆ?’ ಇಂಗ್ಲಿಷ್‌ಗೆ ಹಾಕಿದರೆ ಹಾಸ್ಯಾಸ್ಪದ. ಕನ್ನಡ ಕಿವಿಗೆ ಅಷ್ಟೇನೂ ವಿಚಿತ್ರ ಅಲ್ಲ, ಅಲ್ವಾ? ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರು ‘ನಿಮ್ದು ಯಾವೂರಾಯ್ತು?’ ಅಂತಾರೆ. ಆಸ್ಪತ್ರೆಯಲ್ಲಿ ‘ಇವರು ನಿಮಗೇನಾಗಬೇಕು?’ ಅಂತ ಸಂಬಂಧ ಕೇಳುತ್ತಾರೆ. ಅಲ್ಲಿ ಯಾರೂ ಏನೂ ‘ಆಗುತ್ತಿಲ್ಲ’. ನೇರ ಪ್ರಶ್ನೆಯ ಮೊನೆ ಮೊಂಡಾಗಲಿ ಅಂತ ‘ಆಗು’ ಸೇರಿಸುತ್ತಾರೆ. ಕೊರಿಯನ್ನರ ‘ದ್ವೆದಾ’ ಅನ್ನುವ ಕ್ರಿಯಾಪದದ ಅರ್ಥವೂ ‘ಆಗು’ ಅಂತಲೇ. ಅವರು ಸಂಬಂಧ ಕೇಳುವಾಗಲೂ ‘ಗ್ವಾನ್‌ಗ್ಯೆಗಾ ಒತ್ತೊಖೆ ದ್ವೆಸೆಯೊ?’ ಅನ್ನುತ್ತಾರೆ.

ಈ ಒಂದು ಅಚ್ಚು ಕಲಿತರೆ ಎಷ್ಟೋ ಕೆಲಸ ಆಗುತ್ತೆ. ವಯಸ್ಸು, ವಿಳಾಸ, ಕೆಲಸ, ಫೋನ್ ನಂಬರ್, ಏನು ಕೇಳಬೇಕಾದರೂ ಮುಂದೆ ಆ ಪದ ಇಟ್ಟು ಹಿಂದೆ ‘ಒತ್ತೊಖೆ ದ್ವೆಸೆಯೊ’ ಹಚ್ಚಿ. ಕೌಂಟರ್‌ಗಳಲ್ಲಿ ದಿನವಿಡೀ ಕೇಳಿಸುವುದು ಇದೇ. ಹಿರಿಯರ ವಯಸ್ಸಿಗೆ ಮಾತ್ರ ‘ನಾಇ’ ಬಿಟ್ಟು ‘ಯೊನ್ಸೆ’ ಅನ್ನಿ. ಮಕ್ಕಳಿಗೆ ಕೇಳುವ ‘ಮ್ಯೊತ್ ಸಾಲಿಎಯೊ?’ ಅವರಿಗೆ ಬೇಡವೇ ಬೇಡ.

ಎರಡನೇ ವಾಕ್ಯ, ‘ವಾಟ್ ಡು ಯು ಥಿಂಕ್’. ಇಲ್ಲಿ ಕನ್ನಡ ನಿಮ್ಮನ್ನು ದಾರಿ ತಪ್ಪಿಸುತ್ತೆ. ನಾವು ‘ನಿಮಗೇನನ್ನಿಸುತ್ತೆ?’, ‘ಏನಂತೀರಾ?’ ಅಂತೀವಿ, ಎರಡರಲ್ಲೂ ‘ಏನು’. ಕೊರಿಯನ್‌ನಲ್ಲಿ ‘ಹೇಗೆ’: ‘ಒತ್ತೊಖೆ ಸೆಂಗ್‌ಗಾಖಾಸೆಯೊ?’, ‘ಹೇಗೆ ಯೋಚಿಸುತ್ತೀರಿ?’ ಇಲ್ಲಿ ‘ಮ್ವೊ’ ಹಾಕಿದರೆ ‘ತಲೆಯಲ್ಲಿ ಈಗ ಏನು ಓಡುತ್ತಿದೆ’ ಅಂತ ಕೇಳಿದ ಹಾಗಾಗುತ್ತೆ. ಮೀಟಿಂಗ್‌ನಲ್ಲಿ ಅದು ಬೇಡ. ಹವಾಮಾನ, ರುಚಿ, ಆರೋಗ್ಯ ಇವಕ್ಕೆ ಕನ್ನಡವೂ ‘ಹೇಗಿದೆ’ ಅನ್ನುವುದರಿಂದ ತೊಂದರೆಯಿಲ್ಲ: ‘ನಾಲ್ಶಿಗಾ ಒತ್ತೆಯೊ?’, ಹವಾ ಹೇಗಿದೆ?

ಇಂಥದ್ದೇ ಇನ್ನೊಂದು: ಸಪ್ಪೆ ಮುಖ ಮಾಡಿಕೊಂಡವರಿಗೆ ನಾವು ‘ಏನಾಯ್ತು?’ ಅಂತೀವಿ. ಅವರು ಅಲ್ಲಿ ‘ಯಾಕೆ’ ಬಳಸುತ್ತಾರೆ: ‘ವೆ ಗುರೆಯೊ?’, ‘ಯಾಕೆ ಹಾಗಿದ್ದೀರಿ?’ ಮಗು ‘ಒಮ್ಮಾ!’ ಅಂತ ಕರೆದರೆ ತಾಯಿ ‘ವೆ?’ ಅನ್ನುತ್ತಾಳೆ. ನಮಗೆ ಸಿಡುಕಿದ ಹಾಗೆ ಕೇಳಿಸಬಹುದು. ಅದು ಬರೀ ‘ಏನಪ್ಪಾ?’

ಮೂರನೆಯದು, ‘ವಾಟ್ ಐ ಸೆಂಟ್ ಯು ಯೆಸ್ಟರ್‌ಡೇ’. ಈ ‘ವಾಟ್’ ಪ್ರಶ್ನೆಯೇ ಅಲ್ಲ. ಇಂಗ್ಲಿಷಿನ ಹಿಂದೆ ಹೋದವರು ಇಲ್ಲಿ ‘ಮ್ವೊ’ ತುರುಕಿ ವಾಕ್ಯವನ್ನು ಕೆಡಿಸುತ್ತಾರೆ. ಕನ್ನಡದಲ್ಲಿ ಹೇಳಿ: ‘ನಾನು ನಿನ್ನೆ ಕಳಿಸಿಕೊಟ್ಟದ್ದು’. ಎಲ್ಲಿದೆ ‘ಏನು’? ಇಲ್ಲ. ‘ಕಳಿಸಿಕೊಟ್ಟ’ಕ್ಕೆ ‘ಅದು’ ಅಂಟಿಸಿದೆವು, ಅಷ್ಟೇ. ಕೊರಿಯನ್: ‘ಒಜೆ ಬೊನೆ ದುರಿನ್ ಗೊತ್’. ‘ಒಜೆ’ ನಿನ್ನೆ, ‘ಬೊನೆ’ ಕಳಿಸಿ, ‘ದುರಿನ್’ ಕೊಟ್ಟ, ‘ಗೊತ್’ ಅದು ಅಥವಾ ವಸ್ತು. ‘ಕೊಡು’ ಅನ್ನುವ ಸಹಾಯಕ ಕ್ರಿಯಾಪದವೂ ಸಮೇತ ಸಾಲಾಗಿ ಕೂತಿದೆ. ನೀವು ಮಾಡಬೇಕಾದ್ದು ಪದಗಳನ್ನು ಬದಲಿಸೋದು ಮಾತ್ರ, ಜಾಗ ಬದಲಿಸೋದಲ್ಲ. ಫೈಲ್ ಅಂತಲೇ ಹೇಳಬೇಕಾದರೆ ‘ಗೊತ್’ ತೆಗೆದು ‘ಫಾಇಲ್’ ಇಡಿ: ‘ಕಳಿಸಿಕೊಟ್ಟ ಫೈಲು’.

ವಾಕ್ಯದೊಳಗೆ ಅಡಗಿ ಕೂತ ಪ್ರಶ್ನೆಗೂ ಹೀಗೇ. ‘ಐ ಡೋಂಟ್ ನೋ ವಾಟ್ ಹಿ ಸೆಡ್’ ಅನ್ನೋದು ‘ಏನಂದರೋ ಗೊತ್ತಿಲ್ಲ’. ಕೊರಿಯನ್‌ನಲ್ಲಿ ‘ಮ್ವೊರಾಗೊ ಹೆನ್ನುಂಜಿ ಮೊಲ್ಲಾಯೊ’. ‘ಅಂದರು’ ಪಕ್ಕದ ನಮ್ಮ ‘ಓ’ ಏನು ಕೆಲಸ ಮಾಡುತ್ತೋ, ಕೊನೆಯ ‘ನುಂಜಿ’ ಅದೇ ಕೆಲಸ ಮಾಡುತ್ತೆ. ಈ ‘ಓ’ ಬಗ್ಗೆ ಇನ್ನೊಂದು ಚಂದದ ವಿಷಯ ಇದೆ. ‘ಯಾಕೋ ಬೇಜಾರು’ ಅಂತೀವಲ್ಲ, ಆ ‘ಯಾಕೋ’ಗೆ ಅವರಲ್ಲಿ ‘ವೆಂಜಿ’ ಅಂತ ಇದೆ. ಯಾಕೆ ಅನ್ನುವ ‘ವೆ’ಗೆ ‘ಇಂಜಿ’ ಸೇರಿ ಆಗಿದ್ದು. ಇಂಗ್ಲಿಷಿನವರಿಗೆ ಅದನ್ನು ವಿವರಿಸೋಕೆ ಅರ್ಧ ಪುಟ ಬೇಕು.

ಇಷ್ಟೆಲ್ಲ ಹೋಲಿಕೆ ನೋಡಿದ ಮೇಲೆ ಕೊರಿಯನ್ ಮತ್ತು ದ್ರಾವಿಡ ಭಾಷೆಗಳು ನೆಂಟರಾ ಅಂತ ಕೇಳುವವರಿದ್ದಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲೇ ಹಾಗೆ ವಾದಿಸಿ ವ್ಯಾಕರಣಗಳನ್ನು ಹೋಲಿಸಿದ್ದರು. ಇವತ್ತಿನ ಭಾಷಾವಿಜ್ಞಾನಿಗಳು ಬಹುಪಾಲು ಒಪ್ಪುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯ ಅಂಟಿಸುತ್ತ ಹೋಗುವ ಭಾಷೆಗಳು ಜಪಾನಿ, ಟರ್ಕಿಶ್ ಸೇರಿ ಎಷ್ಟೋ ಇವೆ. ಅವೆಲ್ಲ ಹೀಗೇ ಒಂದಕ್ಕೊಂದು ಕೂಡುತ್ತವೆ. ‘ಅಪ್ಪಾ’, ‘ಒಮ್ಮಾ’ ಥರ ಎರಡೂ ಕಡೆ ಒಂದೇ ಹಾಗೆ ಕೇಳಿಸುವ ಪದಗಳ ಪಟ್ಟಿಗಳನ್ನು ಮೊಬೈಲಿನಲ್ಲಿ ಹಂಚುವವರು ಹಂಚಿಕೊಳ್ಳಲಿ. ನಮಗೆ ಕಲಿಯೋದು ಸುಲಭ ಆದರೆ ಸಾಕು.

ಕೊನೆಯದಾಗಿ ನಿಮ್ಮ ಉಲ್ಸಾನ್‌ನವರು. ‘ಮ್ವೊ’ಗೆ ‘ಏನು’ ಅಂತಲ್ಲದೆ ‘ಏನಾದರೂ’ ಅಂತಲೂ ಅರ್ಥ ಇದೆ. ರಾಜಧಾನಿ ಸೋಲ್‌ನ ಮಾತಿನಲ್ಲಿ ‘ಮ್ವೊ ಮೊಗೊಸ್ಸೊಯೊ?’ ಅಂದರೆ ‘ಏನು ತಿಂದ್ರಿ?’ ಆಗಬಹುದು, ‘ಏನಾದ್ರೂ ತಿಂದ್ರಾ?’ ಕೂಡ ಆಗಬಹುದು. ಬರೆದರೆ ಎರಡೂ ಒಂದೇ. ದನಿಯ ಏರಿಳಿತ ನೋಡಿ ತಿಳಿಯಬೇಕು. ಹೌದು-ಅಲ್ಲ ಪ್ರಶ್ನೆಗೆ ನಮ್ಮಲ್ಲಿ ‘ಆ’ ಇದೆ, ‘ಏನು’ ಪ್ರಶ್ನೆಗೆ ಆ ‘ಆ’ ಬರಲ್ಲ. ಹಾಗಾಗಿ ನಮಗೆ ಈ ಗೊಂದಲವೇ ಗೊತ್ತಿಲ್ಲ. ಹದಿನೈದನೇ ಶತಮಾನದ ಕೊರಿಯನ್‌ನಲ್ಲೂ ಎರಡಕ್ಕೂ ಬೇರೆ ಬೇರೆ ಕೊನೆಗಳಿದ್ದವು. ಸೋಲ್ ಅದನ್ನು ಕಳೆದುಕೊಂಡಿತು. ಬುಸಾನ್, ಉಲ್ಸಾನ್, ದೆಗು ಇರುವ ಗ್ಯೊಂಗ್‌ಸಾಂಗ್ ಸೀಮೆ ಉಳಿಸಿಕೊಂಡಿದೆ. ಅಲ್ಲಿ ‘ಮ್ವೊ ಮುಗೊನ್ನಾ?’ ಅಂದರೆ ‘ಏನಾದ್ರೂ ತಿಂದ್ಯಾ?’, ‘ಮ್ವೊ ಮುಗೊನ್ನೊ?’ ಅಂದರೆ ‘ಏನು ತಿಂದೆ?’ ಕೊನೆಯ ಸ್ವರ ಒಂದೇ ಬದಲು. ‘ಇದೇನು?’ ಅನ್ನೋದನ್ನೂ ಅವರು ‘ಇಗಿ ಮ್ವೊಕ್ಕೊ?’ ಅಂತ ‘ಒ’ಕಾರದಲ್ಲೇ ಮುಗಿಸುತ್ತಾರೆ.

ಊಟದ ಬಿಡುವಿನಲ್ಲಿ ನಿಮ್ಮನ್ನು ಹೀಗೆ ಕೇಳಿದರೆ ಆ ಕೊನೆಯ ಸ್ವರ ಹಿಡಿಯಿರಿ. ‘ನಾ’ ಅಂತ ಮುಗಿದರೆ ‘ನೆ’ ಅಂದರೂ ನಡೆಯುತ್ತೆ, ‘ನೊ’ ಅಂತ ಮುಗಿದರೆ ತಿಂದದ್ದರ ಹೆಸರು ಹೇಳಬೇಕು. ಆದರೆ ನೀವು ಅವರಿಗೆ ತಿರುಗಿ ‘ಮುಗೊನ್ನೊ’ ಅನ್ನಬೇಡಿ. ಅದು ಸಲಿಗೆಯ ಏಕವಚನ, ಹಿರಿಯರಿಗೆ ಸಲ್ಲದು. ನಿಮ್ಮ ಮಾತಿನ ಕೊನೆಯಲ್ಲಿ ಸೋಲ್‌ನ ಗೌರವದ ‘ಯೊ’ ಇರಲಿ.